ಒಂದು ಕೋಟಿ ಜನರ ಮಾಲೀಕರು

ಹೊಲಿಗೆ ಯಂತ್ರ ರಿಪೇರಿಯ ಸೂಜಿರಾಯರು ತಮ್ಮ ಐವತ್ತಾರು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿಕೊಂಡರು. ದಿನಾ ಕೊಚ್ಚಿಕೊಳ್ಳುವವರಿಗೆ ಏನೂ ಆಗುವುದಿಲ್ಲ. ಹೇಳುವವರಿಗೂ ಅಭ್ಯಾಸ, ಕೇಳುವವರಿಗೂ ಅಭ್ಯಾಸ. ಅಪರೂಪಕ್ಕೆ ಕೊಚ್ಚಿಕೊಂಡವರ ಮಾತನ್ನು ಮಾತ್ರ ಜನ ನಂಬಿಬಿಡುತ್ತಾರೆ. ರಾಯರ ಪಾಡು ಹಾಗಾಯಿತು.

ಅವರ ನಿಜವಾದ ಹೆಸರು ಏನೆಂದು ಕೇಳಿದರೆ ಅವರ ಹೆಂಡತಿಯೂ ಸ್ವಲ್ಪ ಯೋಚಿಸಬೇಕು. ಅಂಗಿಯ ಕಾಲರಿಗೆ ಸದಾ ಎರಡು ಮೂರು ಸೂಜಿ ಚುಚ್ಚಿಕೊಂಡಿರುತ್ತಾರೆ. ಅದನ್ನು ಮರೆತು ಪ್ರೀತಿಯಿಂದ ಜನರನ್ನು ಅಪ್ಪಿಕೊಳ್ಳುತ್ತಾರೆ. ಹಾಗೆ ಅಪ್ಪಿಸಿಕೊಂಡವರೇ ಇಟ್ಟ ಹೆಸರು ಅದು. ಯಂತ್ರದ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ. ಫೋನಿನಲ್ಲಿ ಯಂತ್ರದ ಸದ್ದು ಕೇಳಿಸಿದರೆ ಸಾಕು, "ಬಾಬಿನ್ ಕೆಳಗೆ ಬಟ್ಟೆ ಧೂಳು ಕೂತಿದೆ, ಹಲ್ಲುಜ್ಜೋ ಹಳೇ ಬ್ರಷ್ ತಗೊಳ್ಳಿ" ಎಂದು ಕೂತಲ್ಲೇ ಹೇಳುತ್ತಾರೆ, ದುಡ್ಡು ಕೇಳುವುದಿಲ್ಲ. ಯಂತ್ರ ಬಿಟ್ಟು ಬೇರೆ ಯಾವ ವಿಷಯವಾದರೂ ಅದು ಅವರ ತಲೆಗೆ ಅರ್ಧ ಸುತ್ತು ತಡವಾಗಿ ಇಳಿಯುತ್ತದೆ. ಇಳಿದಾಗಲೂ ಪೂರ್ತಿ ಇಳಿದಿರುವುದಿಲ್ಲ.

ದಿನವಿಡೀ ದರ್ಜಿಗಳ ಫೋನು. ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದು ಕೈಯಲ್ಲಿ ಎಣ್ಣೆ ಡಬ್ಬಿ, ಕತ್ತು ಹೆಗಲಿನ ಮಧ್ಯೆ ಫೋನು. ಕತ್ತು ಬಲಕ್ಕೆ ವಾಲಿಕೊಂಡೇ ಉಳಿಯುವ ಹಾಗಾದಾಗ ಅವರ ತಂಗಿಗೆ ನೋಡಲಾಗಲಿಲ್ಲ. ಆಕೆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಮ್ಮ.

"ಅಣ್ಣಾ, ಒಂದೇ ಉತ್ತರಾನ ದಿನಕ್ಕೆ ಹನ್ನೆರಡು ಸಲ ಹೇಳ್ತೀಯ. ಇವರೆಲ್ಲ ಒಬ್ಬರನ್ನೊಬ್ಬರು ಕೇಳ್ಕೊಳ್ಳೋ ಹಾಗೆ ಮಾಡೋಣ" ಎಂದು, ಬುತ್ತಿ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆಯನ್ನು ತಂದು ಅಂಗಡಿಯ ಮೇಜಿನ ಕೆಳಗೆ ಇಟ್ಟಳು. ಒಂದು ವೈರು ಕರೆಂಟಿಗೆ, ಒಂದು ವೈರು ಮೇಜಿನ ಮೇಲಿನ ಸಣ್ಣ ಪರದೆಗೆ, ಒಂದು ವೈರು ಇಂಟರ್‌ನೆಟ್ಟಿಗೆ. ಆ ಪೆಟ್ಟಿಗೆಯೊಳಗೆ ದರ್ಜಿಗಳ ಸಾಮಾಜಿಕ ಜಾಲ. ಹೆಸರು ದಾರದುಂಡೆ.

"ಇದಕ್ಕೆ ಕಂಪನಿ ಯಾವುದು?" ರಾಯರು ಕೇಳಿದರು.

"ಕಂಪನಿ ಇಲ್ಲ ಅಣ್ಣಾ. ಕಂಪನಿಯವರ ಜಾಲ ಅಂದ್ರೆ ಒಂದೇ ದೊಡ್ಡ ಬಂಗಲೆ ಇದ್ದ ಹಾಗೆ. ಎಲ್ಲರೂ ಅದರೊಳಗೇ ಇರ್ಬೇಕು, ಮಾಲೀಕ ಹೇಳಿದ್ದೇ ಸರಿ. ಇದು ಬೀದಿ ಇದ್ದ ಹಾಗೆ. ನಮ್ಮದೊಂದು ಮನೆ, ಇನ್ನೊಬ್ಬರದ್ದೊಂದು ಮನೆ. ಅವರವರ ಮನೆ ಅವರವರೇ ನೋಡ್ಕೋತಾರೆ. ಆದ್ರೆ ಯಾವ ಮನೆಯವರು ಯಾವ ಮನೆಯವರ ಜೊತೆ ಬೇಕಾದ್ರೂ ಮಾತಾಡ್ಬಹುದು."

"ಎಷ್ಟು ಜನ ಇದಾರೆ?"

"ನಿನಗೆ ಫೋನ್ ಮಾಡೋ ದರ್ಜಿಗಳನ್ನೆಲ್ಲ ಸೇರಿಸಿದೀನಿ, ನಮ್ಮ ಪೆಟ್ಟಿಗೇಲಿ ನಾನೂರ ಹನ್ನೆರಡು. ಬೀದಿ ಪೂರ್ತಿ ಎಣಿಸಿದ್ರೆ ಒಂದು ಕೋಟಿ ಇರ್ಬಹುದು."

ರಾಯರು ಆಗ ಒಂದು ಸಣ್ಣ ಸ್ಪ್ರಿಂಗನ್ನು ಇಕ್ಕುಳದಲ್ಲಿ ಹಿಡಿದಿದ್ದರು. ಸ್ಪ್ರಿಂಗು ಚಿಮ್ಮಿತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಮನೆ, ಬೀದಿ, ನಾನೂರ ಹನ್ನೆರಡು ಎಲ್ಲ ಮರೆತುಹೋಗಿ ಕೋಟಿ ಎಂಬ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಎರಡು ವರ್ಷ ಪೆಟ್ಟಿಗೆ ತನ್ನ ಪಾಡಿಗೆ ತಾನು ಗುಂಯ್‌ಗುಟ್ಟಿತು. ಆಮೇಲೆ ತಂಗಿಗೆ ಎರಡು ತಿಂಗಳ ತರಬೇತಿಗೆ ಬೇರೆ ಊರಿಗೆ ಹೋಗಬೇಕಾಗಿ ಬಂತು. ಹೋಗುವಾಗ ಮೂರು ಮಾತು ಹೇಳಿದಳು. ವೈರು ಕೀಳಬಾರದು. ಯಾರಾದರೂ ಜಗಳ ಆಡಿದರೆ ಸಮಾಧಾನ ಮಾಡಬೇಕು. ಜನರನ್ನು ಕೇಳದೆ ಏನನ್ನೂ ಬದಲಾಯಿಸಬಾರದು.

"ಸರಿ. ಈ ಕೆಲಸಕ್ಕೆ ಏನಂತಾರೆ?"

"ನಿರ್ವಾಹಕ ಅಂತಾರೆ."

ರಾಯರಿಗೆ ಆ ಪದ ಬಹಳ ಹಿಡಿಸಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಆಕೆ ಬಟ್ಟೆ ಮಡಚುತ್ತಾ, "ಬಸ್ಸಿನ ಕಂಡಕ್ಟರಿಗೂ ಹಾಗೇ ಅಲ್ವೇನ್ರೀ ಬರೆಯೋದು?" ಎಂದಳು. ಮರುದಿನ ರಾಯರು ತಾವಾಗಿಯೇ ಬಡ್ತಿ ತೆಗೆದುಕೊಂಡು ಮುಖ್ಯ ನಿರ್ವಾಹಕರಾದರು.

ಆ ವಾರವೇ ಷಡ್ಡಕನ ಮನೆಯಲ್ಲಿ ಊಟ. ಷಡ್ಡಕ ಎಂದರೆ ರಾಯರ ನಾದಿನಿಯ ಗಂಡ. ನೆಲಕ್ಕೆ ಹಾಕುವ ಟೈಲ್ಸ್ ಕಂಪನಿಯಲ್ಲಿ ಮಾರಾಟ ವಿಭಾಗದ ಮ್ಯಾನೇಜರು. ಊಟಕ್ಕೆ ಕೂತಾಗಲೂ ಎದ್ದು ನಿಂತು ಭಾಷಣ ಮಾಡುವಂತೆ ಕಾಣುವ ಮನುಷ್ಯ. ಮೇಜಿನ ಸುತ್ತ ಹತ್ತು ಹನ್ನೆರಡು ನೆಂಟರು. ಷಡ್ಡಕ ಎಲ್ಲರಿಗೂ ಕೇಳುವಂತೆ, "ನನ್ನ ಕೈಕೆಳಗೆ ಈಗ ನಲವತ್ತು ಜನ! ನಲವತ್ತು! ನಿಭಾಯ್ಸೋದು ಅಂದ್ರೆ ತಮಾಷೇನಾ? ಪಾಪ, ಭಾವನಿಗೆ ಇದೆಲ್ಲ ಗೊತ್ತಾಗಲ್ಲ. ಅವರ ಕೈಕೆಳಗೆ ಇರೋದು ಒಂದು ಎಣ್ಣೆ ಡಬ್ಬಿ" ಎಂದ. ನೆಂಟರು ನಕ್ಕರು. ರಾಯರ ಹೆಂಡತಿ ತಟ್ಟೆ ನೋಡಿಕೊಂಡಳು.

ಹೆಂಡತಿ ತಟ್ಟೆ ನೋಡಿಕೊಂಡದ್ದನ್ನು ರಾಯರು ನೋಡಿದರು. ಆಗಲೇ ಆ ಮಾತು ಬಾಯಿಂದ ಹೊರಗೆ ಬಿತ್ತು.

"ನನ್ನ ಕೈಕೆಳಗೆ ಒಂದು ಕೋಟಿ ಜನ ಇದಾರೆ."

ಷಡ್ಡಕನ ಕೈಯಲ್ಲಿದ್ದ ಚಮಚ ಟಣ್ಣೆಂದು ನೆಲಕ್ಕೆ ಬಿತ್ತು. ಅದು ಅವನ ಕಂಪನಿಯದೇ ನೆಲವಾದ್ದರಿಂದ ಸದ್ದು ಚೆನ್ನಾಗಿ ಕೇಳಿಸಿತು.

"ಏನಂದ್ರಿ ಭಾವ?"

"ಸಾಮಾಜಿಕ ಜಾಲ. ನಾನು ಮುಖ್ಯ ನಿರ್ವಾಹಕ. ಪೆಟ್ಟಿಗೆ ನನ್ನ ಮೇಜಿನ ಕೆಳಗೇ ಇದೆ."

ಷಡ್ಡಕ ಊಟ ಬಿಟ್ಟು ಫೋನು ತೆಗೆದು ನೋಡಿದ. ದಾರದುಂಡೆ ಇತ್ತು. ಅದರಲ್ಲಿ ರಾಯರ ಹೆಸರಿನ ಮುಂದೆ ನಿರ್ವಾಹಕರು ಎಂದೂ ಇತ್ತು. ಅದರ ಮೂಲಕ ಯಾರು ಯಾರೋ, ಎಲ್ಲೆಲ್ಲಿಯವರೋ ಮಾತಾಡುತ್ತಿದ್ದರು; ಕೊನೆಯೇ ಕಾಣಲಿಲ್ಲ. ಷಡ್ಡಕನಲ್ಲಿ ಒಂದು ದೊಡ್ಡ ಗುಣವಿತ್ತು. ಅವನು ಹೊಟ್ಟೆಕಿಚ್ಚು ಪಡುವುದು ಐದು ನಿಮಿಷ ಮಾತ್ರ. ಆರನೆಯ ನಿಮಿಷದಿಂದ ಅಭಿಮಾನ ಪಡಲು ಶುರುಮಾಡುತ್ತಿದ್ದ. ಮಾರನೆಯ ಬೆಳಗ್ಗೆ ಅವನ ಕಚೇರಿಯ ನಲವತ್ತು ಜನರಿಗೂ ತಮ್ಮ ಮ್ಯಾನೇಜರ ಭಾವ ಎಂಥವರು ಎಂದು ಗೊತ್ತಾಗಿತ್ತು. ಸಂಜೆಗೆ ರಾಯರ ಬೀದಿಗೂ ಗೊತ್ತಾಯಿತು.

ಕ್ಷೌರದಂಗಡಿಯವನು ಸರದಿಯಲ್ಲಿದ್ದ ಮೂವರನ್ನು ಎಬ್ಬಿಸಿ ರಾಯರನ್ನು ಕೂರಿಸಿದ. ಜೆರಾಕ್ಸ್ ಅಂಗಡಿಯವಳು, "ಕೋಟಿ ಜನರ ಹುಟ್ಟಿದ ದಿನ ಎಲ್ಲಾ ಹೇಗೆ ನೆನಪಿಟ್ಕೋತೀರಾ?" ಎಂದು ಕೇಳಿದಳು. ಅಂಗಡಿಯ ಮಾಲೀಕರು ಬಾಡಿಗೆ ಏರಿಸಬೇಕೆಂದು ಬಂದವರು, ಇಷ್ಟು ದೊಡ್ಡವರು ಇಷ್ಟು ಚಿಕ್ಕ ಜಾಗದಲ್ಲಿ ಕೂತಿರುವುದನ್ನು ಕಂಡು ಕಣ್ಣು ಒರೆಸಿಕೊಂಡು ವಾಪಸ್ಸು ಹೋದರು.

ನಾಲ್ಕನೆಯ ದಿನ ನಗರಸಭೆಯ ಪರವಾನಗಿ ಇನ್‌ಸ್ಪೆಕ್ಟರು ಬಂದರು. ಕಂಕುಳಲ್ಲಿ ದಪ್ಪ ರಿಜಿಸ್ಟರು.

"ಇಲ್ಲಿ ಜನ ಸೇರ್ತಾರೆ ಅಂತ ದೂರು ಬಂದಿದೆ. ಎಷ್ಟು ಜನ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ರಾಯರು, "ಒಂದು ಕೋಟಿ ಸಾರ್" ಎಂದರು.

ಇನ್‌ಸ್ಪೆಕ್ಟರು ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಡಿಯನ್ನು ಒಮ್ಮೆ ನೋಡಿದರು. ನಿಯಮ ನಿಯಮವೇ. ಪುಟ ತಿರುಗಿಸಿ ಓದಿದರು. "ಜನ ಸೇರುವ ಸ್ಥಳದಲ್ಲಿ ನೂರು ಜನಕ್ಕೆ ಒಂದರಂತೆ ಶೌಚಾಲಯ ಇರತಕ್ಕದ್ದು. ಅಂದ್ರೆ... ನಿಮಗೆ ಒಂದು ಲಕ್ಷ ಶೌಚಾಲಯ ಬೇಕಾಗತ್ತೆ."

"ಇಲ್ಲಿ ಒಂದೂ ಇಲ್ಲ ಸಾರ್. ನಾನೇ ಎದುರಿನ ಹೋಟೆಲಿಗೆ ಹೋಗೋದು."

"ಬೆಂಕಿ ಬಿದ್ರೆ ಓಡೋಕೆ ದಾರಿ?"

"ಬಾಗಿಲಿದೆಯಲ್ಲ ಸಾರ್."

"ಕೋಟಿ ಜನ ಈ ಬಾಗಿಲಲ್ಲಿ ಓಡ್ತಾರಾ?"

"ಅವರು ಅವರವರ ಮನೇಲೇ ಇರ್ತಾರೆ ಸಾರ್. ಬೆಂಕಿ ಬಿದ್ರೆ ಓಡೋನು ನಾನೊಬ್ಬನೇ."

ಇನ್‌ಸ್ಪೆಕ್ಟರು ಬಹಳ ಹೊತ್ತು ಯೋಚಿಸಿ ರಿಜಿಸ್ಟರಿನಲ್ಲಿ ಬರೆದರು: 'ಸ್ಥಳ ಪರಿಶೀಲಿಸಲಾಗಿ ಒಬ್ಬರು ಮಾತ್ರ ಕಂಡುಬಂದರು. ಉಳಿದವರು ಊಟಕ್ಕೆ ಹೋಗಿರಬಹುದು. ಮತ್ತೊಮ್ಮೆ ಬರಲಾಗುವುದು.' ರುಜು ಹಾಕಿ ಹೊರಟರು.

ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಮೇಜಿನ ಕೆಳಗೆ ಒಂದು ಕೆಂಪು ದೀಪ ಮಿನುಗಿತು. ರಾಯರು ಬಗ್ಗಿ ನೋಡಿದರು. ಪೆಟ್ಟಿಗೆಗೆ ಒಂದು ಹನಿ ಎಣ್ಣೆ ಹಾಕೋಣವೆಂದು ಡಬ್ಬಿ ಹಿಡಿದವರು, ಪುಣ್ಯಕ್ಕೆ ಮೊದಲು ತಂಗಿಗೆ ಫೋನು ಮಾಡಿದರು.

"ಎಣ್ಣೆ ಹಾಕ್ಬೇಡ ಅಣ್ಣಾ!" ತಂಗಿ ಕಿರುಚಿದಳು. "ಒಳಗೆ ಜಾಗ ತುಂಬಿದೆ. ಹೊಸ ಡಿಸ್ಕ್ ಬೇಕು. ಹೆಚ್ಚು ಅಂದ್ರೆ ಹನ್ನೆರಡು ದಿನ ನಡೆಯತ್ತೆ. ಆಮೇಲೆ ನಿಂತೋಗತ್ತೆ, ಇಲ್ಲಾಂದ್ರೆ ಹಳೇದನ್ನೆಲ್ಲ ಅಳಿಸ್ಬೇಕು."

"ಹಳೇದು ಅಂದ್ರೆ?"

"ಕೋಟಿನ ಅಜ್ಜನ ಚಿತ್ರಗಳು."

ಕೋಟಿನ ಅಜ್ಜ ಎಂದರೆ ಅರವತ್ತು ವರ್ಷ ಕೋಟು ಹೊಲಿದ ಹಿರಿಯ ದರ್ಜಿ. ಬಟ್ಟೆ ಕತ್ತರಿಸುವ ಬಗೆಯನ್ನು, ಹೆಗಲು ಕೂರಿಸುವ ಗುಟ್ಟನ್ನು, ಒಂದೊಂದಾಗಿ ಚಿತ್ರ ಬರೆದು ದಾರದುಂಡೆಯಲ್ಲಿ ಹಾಕಿದ್ದರು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಮತ್ತೆ ಬರೆಯಲಾರರು.

ರಾಯರು ಎಣ್ಣೆ ಡಬ್ಬಿ ಕೆಳಗಿಟ್ಟು, "ಇಷ್ಟು ದಿನ ಇದರ ಖರ್ಚು ಯಾರು ನೋಡ್ಕೋತಿದ್ರು?" ಎಂದು ಕೇಳಿದರು.

"ನಾನೇ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಎಷ್ಟು ಜನರ ಹತ್ರ ರಿಪೇರಿ ದುಡ್ಡು ತಗೋತೀಯ ಅಂತ ನಂಗೊತ್ತಿಲ್ವಾ? ಅಣ್ಣನ ಹತ್ರ ಇಲ್ಲದ್ದನ್ನ ಕೇಳೋಕೆ ನಂಗೆ ಮನಸ್ಸು ಬರ್ಲಿಲ್ಲ. ಈ ತಿಂಗಳು ನನ್ನ ಕೈಲೂ ಇಲ್ಲ, ಅಷ್ಟೇ."

ಕಷ್ಟದ ಈ ಗಳಿಗೆಯಲ್ಲಿ ಷಡ್ಡಕ ಕಾರಿನಿಂದ ಇಳಿದ. ಜೊತೆಯಲ್ಲಿ ಟೈ ಕಟ್ಟಿದ ಒಬ್ಬರು. ಹೊಲಿಗೆ ದಾರ ತಯಾರಿಸುವ ದೊಡ್ಡ ಕಂಪನಿಯ ಅಧಿಕಾರಿ; ಷಡ್ಡಕನ ಹಳೆಯ ಸಹಪಾಠಿ.

"ಭಾವ, ಇವರು ನಿಮ್ಮ ಜಾಲಾನ ಕೊಂಡ್ಕೋತಾರಂತೆ!" ಎಂದು ಷಡ್ಡಕ ಅಂಗಡಿಯ ಬಾಗಿಲಿಂದಲೇ ಘೋಷಿಸಿದ.

ಅಧಿಕಾರಿ ಕೈಕುಲುಕಿದರು. ರಾಯರು ಅಭಿಮಾನದಿಂದ ಅಪ್ಪಿಕೊಂಡರು. ಅಧಿಕಾರಿ ಒಮ್ಮೆ "ಹಾ!" ಎಂದರು, ಒಪ್ಪಿಗೆಯೆಂದು ರಾಯರು ತಿಳಿದರು.

"ನಿಮ್ಮ ಪ್ರಧಾನ ಕಚೇರಿ ಎಲ್ಲಿ?" ಅಧಿಕಾರಿ ಎದೆ ಉಜ್ಜಿಕೊಳ್ಳುತ್ತಾ ಕೇಳಿದರು.

"ನಿಮ್ಮ ಎಡಗಾಲಿನ ಪಕ್ಕ ಸಾರ್. ಒದೀಬೇಡಿ."

ಅಧಿಕಾರಿ ಕಾಲು ಹಿಂದೆಗೆದರು. ಬಗ್ಗಿ ನೋಡಿದರು. ಷಡ್ಡಕನನ್ನು ನೋಡಿದರು. ಆಮೇಲೆ ತಮ್ಮ ಫೋನಿನಲ್ಲಿ ಏನೇನೋ ಒತ್ತಿ ಕೇಳಿದರು, "ಇದರಲ್ಲಿ ನಾನೂರ ಹನ್ನೆರಡು ಸದಸ್ಯರು ಅಂತ ಬರ್ತಿದೆ. ಕೋಟಿ ಎಲ್ಲಿ?"

ರಾಯರಿಗೆ ಆಗ, ಎರಡು ವರ್ಷ ತಡವಾಗಿ, ತಂಗಿ ಹೇಳಿದ ಮನೆಯೂ ಬೀದಿಯೂ ನೆನಪಾದವು. ಮುಖ ಕೆಂಪಗಾಯಿತು. "ತಪ್ಪಾಯ್ತು ಸಾರ್. ಕೋಟಿ ಬೀದಿಗೆ ಸೇರಿದ್ದು. ನಮ್ಮ ಮನೇಲಿ ನಾನೂರ ಹನ್ನೆರಡೇ. ಎಲ್ಲರೂ ದರ್ಜಿಗಳು."

ಷಡ್ಡಕ ಕುರ್ಚಿಯ ಮೇಲೆ ಕುಸಿದ. ಆದರೆ ಅಧಿಕಾರಿಯ ಕಣ್ಣು ಈಗ ಮೊದಲಿಗಿಂತ ಹೆಚ್ಚು ಹೊಳೆಯಿತು.

"ಎಲ್ಲರೂ ದರ್ಜಿಗಳಾ? ರಾಯರೇ, ದಾರ ಕೊಳ್ಳದ ಕೋಟಿ ಜನ ನನಗ್ಯಾಕೆ? ದಿನಾ ದಾರ ಕೊಳ್ಳೋ ನಾನೂರು ಜನ ಸಾಕು. ಹೊಸ ಡಿಸ್ಕು, ಹೊಸ ಪೆಟ್ಟಿಗೆ, ಕರೆಂಟ್ ಬಿಲ್ಲು, ನಿಮಗೆ ತಿಂಗಳ ಸಂಬಳ, ಎಲ್ಲ ನಮ್ಮದು. ಪ್ರತಿ ನಾಲ್ಕು ಮಾತಿಗೆ ಒಂದು ನಮ್ಮ ಜಾಹೀರಾತು. ಮತ್ತೆ ಯಾರು ಯಾವ ದಾರ ಬಳಸ್ತಾರೆ, ಯಾರ ಯಂತ್ರ ಹಳೇದಾಗಿದೆ ಅನ್ನೋ ಪಟ್ಟಿ. ಬುಧವಾರ ಹತ್ತು ಗಂಟೆಗೆ ಕಾಗದ ತರ್ತೀನಿ. ಅಲ್ಲಿವರೆಗೆ ವಿಷಯ ನಮ್ಮ ನಮ್ಮಲ್ಲೇ ಇರ್ಲಿ."

ರಾಯರು ತಲೆಯಾಡಿಸಿದರು. ಕೋಟಿನ ಅಜ್ಜನ ಚಿತ್ರಗಳು ಉಳಿಯುತ್ತವೆ, ತಂಗಿಯ ಭಾರ ಇಳಿಯುತ್ತದೆ. ಅಷ್ಟು ಅವರ ತಲೆಗೆ ಇಳಿದಿತ್ತು. ಅಧಿಕಾರಿಯ ಕಾರು ತಿರುವು ದಾಟಿದ ಮೇಲೆ ತಂಗಿಯ ಮೂರನೆಯ ಮಾತೂ ಇಳಿಯಿತು: ಜನರನ್ನು ಕೇಳದೆ ಏನನ್ನೂ ಬದಲಾಯಿಸಬಾರದು. ನಮ್ಮ ನಮ್ಮಲ್ಲೇ ಎಂದರೆ ನಾನೂರ ಹನ್ನೆರಡೂ ಜನ ಎಂದೇ ಅವರು ಅರ್ಥಮಾಡಿಕೊಂಡಿದ್ದರು. ಕೂತು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿ ಒಂದು ಪ್ರಕಟಣೆ ಹಾಕಿದರು:

'ದಾರದುಂಡೆ ಮಾರಾಟಕ್ಕಿದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಗಡಿಯಲ್ಲಿ. ಇಷ್ಟವಿದ್ದವರು ಬರಬಹುದು. — ಮುಖ್ಯ ನಿರ್ವಾಹಕ.'

ಅಭಿಪ್ರಾಯ ಹೇಳಲು ಇಷ್ಟವಿದ್ದವರು ಎಂದು ಅವರ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಪ್ರಕಟಣೆಯಲ್ಲಿರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ರಾಯರು ಅಂಗಡಿ ತೆಗೆಯಲು ಬಂದಾಗ ಬೀಗದ ಹತ್ತಿರ ಹೋಗಲು ಜಾಗವಿರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡವರು. ಸಮವಸ್ತ್ರ ಹೊಲಿಯುವವರು, ಕೋಟಿನವರು, ಕುರ್ಚಿ ಗವಸಿನವರು. ಅವರ ಮಧ್ಯೆ ಖಾಲಿ ಚೀಲ ಹಿಡಿದ ಮೂವತ್ತು ನಲವತ್ತು ಹೆಂಗಸರು; ಅವರು ಪ್ರಕಟಣೆಯನ್ನು ಬೇರೆ ಪೆಟ್ಟಿಗೆಗಳಲ್ಲಿ ಓದಿ, ದಾರದ ಉಂಡೆ ಅಗ್ಗಕ್ಕೆ ಸಿಗುತ್ತದೆಂದು ಬಂದವರು. "ಕೆಂಪು ದಾರ ಇದೆಯಾ? ಒಬ್ಬರಿಗೆ ಎಷ್ಟು ಉಂಡೆ?" ಎಂದು ಕೂಗುತ್ತಿದ್ದರು. ಎರಡನೆಯ ಪರಿಶೀಲನೆಗೆ ಬಂದ ಇನ್‌ಸ್ಪೆಕ್ಟರು ಗೋಡೆಗೆ ಒತ್ತಿಕೊಂಡು ನಿಂತು, ಊಟಕ್ಕೆ ಹೋದವರೆಲ್ಲ ವಾಪಸ್ಸು ಬಂದಿದ್ದಾರೆಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

ಹತ್ತಕ್ಕೆ ಸರಿಯಾಗಿ ಅಧಿಕಾರಿಯೂ ಷಡ್ಡಕನೂ ಜನರ ನಡುವೆ ಜಾಗ ಮಾಡಿಕೊಂಡು, ಟೈ ಹೆಗಲ ಮೇಲೆ ಬಿದ್ದ ಸ್ಥಿತಿಯಲ್ಲಿ ಒಳಗೆ ಬಂದರು.

"ಏನ್ರೀ ಇದು? ನಮ್ಮ ನಮ್ಮಲ್ಲೇ ಇರ್ಲಿ ಅಂದಿದ್ದೆ!"

"ಹೌದು ಸಾರ್. ಎಲ್ಲ ನಮ್ಮವರೇ."

ಪರದೆ ಹೊಲಿಯುವಾಕೆ ಮುಂದೆ ಬಂದಳು. ಎಲ್ಲರೂ ಅವಳನ್ನು ಪರದೆಯಮ್ಮ ಎನ್ನುತ್ತಿದ್ದರು. ಎತ್ತರದ ಹೆಂಗಸು, ಇಡೀ ನಾಟಕಶಾಲೆಗೆ ಪರದೆ ಹೊಲಿದವಳಾದ್ದರಿಂದ ದನಿಯೂ ಕೊನೆಯ ಸಾಲಿಗೆ ಕೇಳುವಂಥದ್ದು. "ಇವರು ಕೊಂಡ್ರೆ ಏನಾಗತ್ತೆ ರಾಯರೇ? ಬಿಡಿಸಿ ಹೇಳಿ."

ರಾಯರು ಜಾಹೀರಾತು, ಪಟ್ಟಿ, ಸಂಬಳ ಎಲ್ಲವನ್ನೂ ಹೇಳಿದರು. ತಮ್ಮ ಸಂಬಳವನ್ನೂ ಬಿಡಲಿಲ್ಲ. ಷಡ್ಡಕ ಹಣೆ ಹಿಡಿದುಕೊಂಡ.

"ಹಾಗಾದ್ರೆ ನಾವು ಬೇರೆ ಪೆಟ್ಟಿಗೆಗೆ ಹೋಗ್ತೀವಿ" ಎಂದಳು ಪರದೆಯಮ್ಮ.

ಅಧಿಕಾರಿ ಗಾಬರಿಯಾದರು. "ಹೋಗ್ತೀವಿ ಅಂದ್ರೆ? ಹೋಗೋಕೆ ಬಿಡ್ತೀರಾ ರಾಯರೇ?"

"ನಾನ್ಯಾರು ಸಾರ್ ತಡೆಯೋಕೆ? ತಂಗಿ ಹೇಳ್ತಿದ್ಲು, ಇಲ್ಲಿ ಚಿಲಕ ಒಳಗಡೆ ಮಾತ್ರ ಇದೆ. ಗೆಳೆಯರ ಸಮೇತ ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು. ಹೋದ ಮೇಲೂ ಇಲ್ಲಿಯವರ ಜೊತೆ ಮಾತಾಡ್ಬಹುದು. ನೀವು ಕೊಂಡ್ರೆ ಪೆಟ್ಟಿಗೆ ನಿಮ್ದು. ಜನ ಅವರವರ್ದು."

ಇಪ್ಪತ್ತು ವರ್ಷ ಕೊಡುವ ತೆಗೆದುಕೊಳ್ಳುವ ವ್ಯವಹಾರದಲ್ಲೇ ಮುಳುಗಿದ್ದ ಅಧಿಕಾರಿ, ಮಾರುವ ಮಾಲಿನ ದೋಷವನ್ನು ಕೊಳ್ಳುವವನಿಗೆ ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ಅಂದೇ ಮೊದಲು ಕಂಡರು. ಅವರು ನಿಧಾನವಾಗಿ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡರು. "ಮತ್ತೆ ಮಾರೋಕೆ ಯಾಕೆ ಹೊರಟ್ರಿ?"

"ಡಿಸ್ಕ್ ತುಂಬಿದೆ ಸಾರ್. ಹೊಸದು ತರದಿದ್ರೆ ಅಜ್ಜನ ಚಿತ್ರ ಅಳಿಸ್ಬೇಕು. ಇಷ್ಟು ದಿನ ನನ್ನ ತಂಗಿ ಒಬ್ಬಳೇ ಕೈಯಿಂದ ಹಾಕ್ತಿದ್ಲು. ನನಗೇ ಗೊತ್ತಿರ್ಲಿಲ್ಲ."

ಹಿಂದಿನಿಂದ ಯಾರೋ ಕೋಟಿನ ಅಜ್ಜನನ್ನು ಕೈಹಿಡಿದು ಮುಂದೆ ಕರೆತಂದರು. ಅಜ್ಜ ಮುಖವನ್ನು ರಾಯರ ದನಿ ಬಂದ ಕಡೆಗೆ ತಿರುಗಿಸಿ, "ಆ ಡಿಸ್ಕಿಗೆ ಎಷ್ಟಂತೆ?" ಎಂದರು.

ರಾಯರು ಹೇಳಿದರು. ಪರದೆಯಮ್ಮ ಅಳತೆ ಟೇಪಿನ ಮೇಲೆ ಬೆರಳು ಓಡಿಸಿ ಮನಸ್ಸಿನಲ್ಲೇ ಭಾಗಿಸಿದಳು. ಕರೆಂಟು, ಇಂಟರ್‌ನೆಟ್ಟು, ಸವಕಳಿ ಎಲ್ಲ ಕೂಡಿಸಿ ಮತ್ತೆ ಭಾಗಿಸಿದಳು. ಆಮೇಲೆ ಅವಳ ದನಿ ನಾಟಕಶಾಲೆಯನ್ನೂ ದಾಟಿತು.

"ಒಬ್ಬೊಬ್ಬರಿಗೆ ವರ್ಷಕ್ಕೆ ಒಂದು ಝಿಪ್ಪಿನ ಬೆಲೆ! ಇಷ್ಟಕ್ಕೆ ಊರೆಲ್ಲ ಡಂಗುರ ಹೊಡೆದ್ರಾ? ಬಾಯಿಬಿಟ್ಟು ಒಂದು ಮಾತು ಕೇಳೋಕೆ ನಿಮಗೇನಾಗಿತ್ತು ರಾಯರೇ?"

"ಕೇಳಿದ್ರೆ ನೀವು ಏನಂದ್ಕೋತೀರೋ ಅಂತ..."

"ನಮ್ಮ ಯಂತ್ರ ರಿಪೇರಿ ಮಾಡಿ ದುಡ್ಡು ಬೇಡ ಅಂದಾಗ ನಾವೇನಂದ್ಕೊಂಡ್ವಿ ಅಂತ ಯಾವತ್ತಾದ್ರೂ ಕೇಳಿದ್ರಾ?"

ರಾಯರು ಕಣ್ಣಿಗೆ ಬಿದ್ದ ಧೂಳನ್ನು ತೆಗೆಯಲು ಬಹಳ ಹೊತ್ತು ತೆಗೆದುಕೊಂಡರು. ಪರದೆಯಮ್ಮ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದಳು. ದರ್ಜಿಗಳು ಒಬ್ಬೊಬ್ಬರಾಗಿ ಬಂದು ಝಿಪ್ಪಿನ ಬೆಲೆ ಹಾಕಿದರು. ಕೆಂಪು ದಾರಕ್ಕೆ ಬಂದ ಹೆಂಗಸರು ವಿಷಯ ಏನೆಂದು ವಿಚಾರಿಸಿ, ಬರಿಗೈಯಲ್ಲಿ ಹೋಗುವುದೇಕೆಂದು ತಾವೂ ಸದಸ್ಯರಾದರು. ಇನ್‌ಸ್ಪೆಕ್ಟರು, ಇದು ಯಾವ ನಿಯಮದಡಿ ಬರುತ್ತದೆಂದು ರಿಜಿಸ್ಟರು ಪೂರ್ತಿ ಹುಡುಕಿ, ಸಿಗದೆ, ಮನೆಯಲ್ಲಿ ಹೆಂಡತಿಯ ಯಂತ್ರ ಹೊಲಿಗೆ ಬಿಡುತ್ತಿದೆಯೆಂದು ಹೇಳಿ ಹೆಸರು ಬರೆಸಿದರು.

"ಹಾಗಾದ್ರೆ ಭಾವ, ನೀವು ಮಾಲೀಕರಲ್ವಾ?" ಷಡ್ಡಕ ಸಣ್ಣ ದನಿಯಲ್ಲಿ ಕೇಳಿದ.

"ನಾನೂರ ಐವತ್ತು ಜನರಲ್ಲಿ ನಾನೂ ಒಬ್ಬ ಮಾಲೀಕ."

ಷಡ್ಡಕ ಐದು ನಿಮಿಷ ಬೇಜಾರು ಮಾಡಿಕೊಂಡ. ಆರನೆಯ ನಿಮಿಷಕ್ಕೆ ಹೊರಗೆ ನಿಂತು ಫೋನಿನಲ್ಲಿ, "ಒಂದು ದೊಡ್ಡ ಕಂಪನೀನ ನಮ್ಮ ಭಾವ ಹೇಗೆ ಬರಿಗೈಲಿ ವಾಪಸ್ ಕಳಿಸಿದ್ರು ಗೊತ್ತಾ?" ಎಂದು ಶುರುಮಾಡಿದ್ದ.

ಆದರೆ ಕಂಪನಿ ವಾಪಸ್ಸು ಹೋಗಿರಲಿಲ್ಲ. ಎಲ್ಲರೂ ಚದುರಿದ ಮೇಲೂ ಅಧಿಕಾರಿ ಅಲ್ಲೇ ನಿಂತಿದ್ದರು. "ರಾಯರೇ, ದಾರದ ಕಂಪನಿಯವರು ಸದಸ್ಯರಾಗ್ಬಹುದಾ?"

"ಝಿಪ್ಪಿನ ದುಡ್ಡು ಕೊಟ್ರೆ ಆಗ್ಬಹುದು ಸಾರ್. ಜಾಹೀರಾತು ಹಾಕೋ ಹಾಗಿಲ್ಲ. ಪ್ರಶ್ನೆ ಕೇಳ್ಬಹುದು."

ಅಧಿಕಾರಿ ಸ್ವಂತ ಜೇಬಿನಿಂದ ದುಡ್ಡು ಹಾಕಿದರು. ಮಾರನೆಯ ದಿನ ಬೆಳಿಗ್ಗೆ ದಾರದುಂಡೆಯಲ್ಲಿ ತಮ್ಮ ಹುದ್ದೆಯನ್ನೂ ಹಾಕಿ ಒಂದು ಪ್ರಶ್ನೆ ಕೇಳಿದರು: 'ನಮ್ಮ ಕಂಪನಿಯ ದಾರದಲ್ಲಿ ಏನಾದರೂ ತೊಂದರೆ ಇದೆಯೇ?'

ಮಧ್ಯಾಹ್ನದೊಳಗೆ ನೂರ ಅರವತ್ತೇಳು ಉತ್ತರ ಬಂದವು. ಕಪ್ಪು ದಾರ ಎರಡು ಒಗೆತಕ್ಕೆ ಬೂದಿ ಬಣ್ಣವಾಗುತ್ತದೆ ಎಂದು ಇಪ್ಪತ್ತು ಜನ ಫೋಟೋ ಹಾಕಿದರು. ಉಂಡೆಯ ಕೊನೆಯ ಭಾಗದಲ್ಲಿ ಗಂಟು ಬರುತ್ತದೆ ಎಂದು ಸಮವಸ್ತ್ರದವರು ಬರೆದರು. ಕೋಟಿನ ಅಜ್ಜ ಮೊಮ್ಮಗಳ ಕೈಯಲ್ಲಿ ಬರೆಸಿ, ಕಂಪನಿ ಮೂವತ್ತು ವರ್ಷದ ಹಿಂದೆ ದಾರಕ್ಕೆ ಹಚ್ಚುತ್ತಿದ್ದ ಮೇಣವನ್ನು ಯಾವ ವರ್ಷ, ಯಾವ ತಿಂಗಳು ಕಡಿಮೆ ಮಾಡಿತು ಎಂಬುದನ್ನು ಕಾರಣಸಮೇತ ತಿಳಿಸಿದರು.

ಮೂರು ಗಂಟೆಗೆ ರಾಯರ ಫೋನು ಬಡಿಯಿತು. ಆ ಕಡೆ ಅಧಿಕಾರಿ.

"ರಾಯರೇ, ಹತ್ತು ವರ್ಷದಿಂದ ಸಮೀಕ್ಷೆ ಮಾಡಿಸ್ತಿದೀವಿ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಬರೆದುಕೊಡ್ತಿದ್ರು. ಇಷ್ಟು ಉಪಯೋಗ ಆಗೋ ಹಾಗೆ ನನ್ನನ್ನ ಯಾರೂ ಯಾವತ್ತೂ ಬೈದಿರ್ಲಿಲ್ಲ! ಅಜ್ಜ ಹೇಳಿದ ತಿಂಗಳು ನಮ್ಮ ಕಡತದಲ್ಲಿರೋದಕ್ಕೆ ಸರಿಯಾಗಿ ಹೊಂದ್ತಿದೆ. ನನ್ನ ಎರಡನೇ ಪ್ರಶ್ನೆ ಈಗಲೇ ಹಾಕ್ಲಾ?"

ರಾಯರು ಕತ್ತು ಹೆಗಲಿನ ಮಧ್ಯೆ ಫೋನು ಸಿಕ್ಕಿಸಿಕೊಂಡು ಪೆಟ್ಟಿಗೆಯ ಪರದೆಯನ್ನು ನೋಡಿದರು.

"ಸ್ವಲ್ಪ ತಡೀರಿ ಸಾರ್. ಇನ್‌ಸ್ಪೆಕ್ಟರ ಹೆಂಡತಿ ನಿಮಗಿಂತ ಮುಂಚೆ ಕೇಳಿದಾರೆ. ಅವರದಾದ ಮೇಲೆ ನಿಮ್ಮದು."

"ಆಗ್ಲಿ, ಆಗ್ಲಿ. ನಾನು ಕಾಯ್ತೀನಿ" ಎಂದರು ಕಂಪನಿಯವರು.